ಪತ್ರೊಡೆ ತಿಂದರೆ ಗಂಟಲು ಕೆರೆಯದಂತೆ ಮಾಡುವುದು ಹೇಗೆ?

ಪ್ರಶ್ನೆ (ಬೆಂಗಳೂರಿನಿಂದ):
ಮಳೆ ಹಿಡಿದ ಮೇಲೆ ಮಾರುಕಟ್ಟೆಗೆ ಕೆಸುವಿನ ಎಲೆ ಬರುತ್ತಿರುವುದರಿಂದ ಕರಾವಳಿಯ ಪತ್ರೊಡೆಯನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಮಸಾಲೆ ರುಚಿಯಾಗಿಯೇ ಇರುತ್ತದೆ. ಆದರೆ ಎರಡು ತುಂಡು ತಿನ್ನುವಷ್ಟರಲ್ಲಿ ಗಂಟಲು ಕೆರೆಯತೊಡಗುತ್ತದೆ; ಕತ್ತರಿಸುವಾಗ ಸುರುಳಿ ಬಿಚ್ಚಿಕೊಂಡು ಎಲೆ ಒಂದು ಕಡೆ, ಹಿಟ್ಟು ಒಂದು ಕಡೆಯಾಗುತ್ತದೆ. ಎರಡು ಲೋಟ ಅಕ್ಕಿಗೆ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಹಾಕಿ, 20 ನಿಮಿಷ ಬೇಯಿಸುತ್ತೇನೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಪುತ್ತೂರಿನಿಂದ):
ಹುಳಿಯೂ ಸಾಲದು, ಬೇಯಿಸಿದ್ದೂ ಸಾಲದು. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುವುದರಿಂದಲೇ ತುರಿಕೆ ಬರುತ್ತದೆ. ಎರಡು ಲೋಟ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಗೆ ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು ಬೇಕು. ನೀರು ಕುದಿ ಬಂದ ಮೇಲೆ ಹಬೆಯಲ್ಲಿ ಕನಿಷ್ಠ 45 ನಿಮಿಷ, ಎಲೆ ಬಲಿತಿದ್ದರೆ ಒಂದು ಗಂಟೆ ಬೇಯಬೇಕು. ಮೂರು ಗಂಟೆ ನೆನೆಸಿದ ಅಕ್ಕಿಯನ್ನು ತೆಂಗಿನ ತುರಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಲ್ಲ, ಹುಣಸೆಹಣ್ಣಿನೊಂದಿಗೆ ಆದಷ್ಟು ಕಡಿಮೆ ನೀರು ಹಾಕಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ತುಸು ತರಿಯಾಗಿ ಅರೆಯಿರಿ. ಎಲೆ ಉಪ್ಪು ಹುಳಿಗಳನ್ನು ಎಳೆದುಕೊಳ್ಳುವುದರಿಂದ ಹಸಿ ಹಿಟ್ಟಿನಲ್ಲಿ ಅವೆರಡೂ ಒಂದು ಕೈ ಮುಂದೇ ಇರಲಿ.

ಉತ್ತರ (ತೀರ್ಥಹಳ್ಳಿಯಿಂದ):
ಎಲೆಯ ಆಯ್ಕೆಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸುವಿಗೇ ಮೊದಲ ಮಣೆ. ಅದು ಸಿಗದಿದ್ದರೆ ಕಪ್ಪು ದಂಟಿನ ಎಳೆಯ ಎಲೆ ಆಗಬಹುದು. ಕೈಗೆ ಎಣ್ಣೆ ಸವರಿಕೊಂಡು, ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಿಂದ ಹೆರೆದು, ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿದರೆ ಎಲೆ ಬಳುಕುತ್ತದೆ. ದೊಡ್ಡ ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ಹಿಟ್ಟನ್ನು ತೆಳ್ಳಗೆ ಸವರಿ, ಮುಂದಿನ ಎಲೆಯ ತುದಿ ಹಿಂದಿನದಕ್ಕೆ ವಿರುದ್ಧ ದಿಕ್ಕಿನಲ್ಲಿರುವಂತೆ ಐದಾರು ಎಲೆ ಹೇರಿ, ಎರಡೂ ಅಂಚುಗಳನ್ನು ಒಳಕ್ಕೆ ಮಡಚಿ ಬಿಗಿಯಾಗಿ ಸುತ್ತಿ. ಸವರಿದ ಹಿಟ್ಟಿನ ಪದರ ದಪ್ಪವಾದಷ್ಟೂ ಸುರುಳಿ ಬಿಚ್ಚುತ್ತದೆ.

ಉತ್ತರ (ಕಾರ್ಕಳದಿಂದ):
ನಮ್ಮ ಕೊಂಕಣಿ ಮನೆಗಳಲ್ಲಿ ಅಕ್ಕಿಯ ಜೊತೆ ತೊಗರಿಬೇಳೆಯನ್ನೂ ನೆನೆಸಿ, ಇಂಗಿನ ನೀರು ಸೇರಿಸಿ ಅರೆಯುವ ರೂಢಿಯಿದೆ. ಹಿಟ್ಟಿಗೆ ಬೆಲ್ಲ ಹಾಕುವುದು ನನಗೆ ಒಗ್ಗದು. ಖಾರ ಹುಳಿಗಳ ಬಿಗುವೇ ಸಡಿಲವಾಗುತ್ತದೆ. ಬಿಸಿ ತುಂಡಿನ ಮೇಲೆ ಕೊಬ್ಬರಿ ಎಣ್ಣೆ ಸುರಿದುಕೊಂಡು ತಿನ್ನುವುದಾದರೆ ತುಂಡು ಸ್ವಲ್ಪ ಒಡೆದರೂ ಚಿಂತೆಯಿಲ್ಲ. ಅಚ್ಚುಕಟ್ಟಾದ ಬಿಲ್ಲೆಗಳೇ ಬೇಕಿದ್ದರೆ ಸುರುಳಿ ಪೂರ್ತಿ ಆರಿದ ಮೇಲೆ ಕತ್ತರಿಸಿ, ಕಾವಲಿಯಲ್ಲಿ ಎಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹುಣಸೆಹಣ್ಣಿನ ಬದಲು ನಿಂಬೆರಸ ಬಳಸಬಹುದೇ?

ಉತ್ತರ (ಪುತ್ತೂರಿನಿಂದ):
ಬೇಡ. ಅಷ್ಟು ಹೊತ್ತು ಬೆಂದರೆ ನಿಂಬೆಯ ಪರಿಮಳ ಉಳಿಯದು. ಒಣಗಿಸಿದ ವಾಟೆಹುಳಿ (ಹುಣಸೆಯಂತೆ ಹುಳಿಗೆ ಬಳಸುವ ಕಾಯಿ) ಸಿಕ್ಕರೆ ಧಾರಾಳವಾಗಿ ನೆನೆಸಿ ಅರೆಯಿರಿ.