ಅಂಗಡಿ ಹದಡಿ ರಸ್ತೆಯಲ್ಲಿದೆ, ಮ್ಯಾಪ್ ಇನ್ನೂ ಮಂಡಿಪೇಟೆಗೇ ಕಳುಹಿಸುತ್ತಿದೆ

ಪ್ರಶ್ನೆ – ಮೋಟಾರ್ ಅಂಗಡಿ, ದಾವಣಗೆರೆ

ನಮ್ಮದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಅಪ್ಪ ಮಂಡಿಪೇಟೆಯಲ್ಲಿ ಇಪ್ಪತ್ತು ವರ್ಷ ನಡೆಸಿದರು. ಎರಡು ವರ್ಷದ ಹಿಂದೆ ಹದಡಿ ರಸ್ತೆಗೆ ಬಂದೆವು. ಗೂಗಲ್‌ನಲ್ಲಿ ಹಳೆಯ ಅಂಗಡಿಯ ಪುಟ ಮಾಡಿಕೊಟ್ಟಿದ್ದ ಹುಡುಗ ಈಗ ಫೋನ್ ಎತ್ತುವುದಿಲ್ಲ. ಹಾಗಾಗಿ ನಾನೇ ಹೊಸ ಪುಟ ಮಾಡಿದೆ. ಆದರೆ ಹುಡುಕಿದಾಗ ಹಳೆಯದೇ ಮೊದಲು ಬರುತ್ತದೆ. ಅದಕ್ಕೆ 61 ವಿಮರ್ಶೆಗಳಿವೆ, ಹೊಸದಕ್ಕೆ ನಾಲ್ಕು.

ಕಳೆದ ವಾರ ಜಗಳೂರು ಕಡೆಯ ರೈತರೊಬ್ಬರು ಸುಟ್ಟ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ಮ್ಯಾಪ್ ನೋಡಿಕೊಂಡು ಮಂಡಿಪೇಟೆಗೆ ಹೋದರೆ ಅಲ್ಲಿ ಬಟ್ಟೆ ಅಂಗಡಿ. ಕೇಳಿಕೊಂಡು ನಮ್ಮಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರು. ಅಂಗಿಯ ಹೆಗಲಿಗೆ ಮೋಟಾರಿನ ಎಣ್ಣೆ ಇಳಿದಿತ್ತು. ತೋಟಕ್ಕೆ ನೀರಿಲ್ಲದೆ ನಾಲ್ಕು ದಿನವಾಯಿತು ಎನ್ನುತ್ತಾ ನಿಂತೇ ಇದ್ದರು. ಅಂದು ನನಗೆ ಊಟ ಸೇರಲಿಲ್ಲ.

ಹಳೆಯದನ್ನು ಅಳಿಸಿಬಿಡಲೇ? ಹೆಸರಿನ ಜೊತೆ ‘ದಾವಣಗೆರೆ ನಂಬರ್ ಒನ್ ಮೋಟಾರ್ ರಿಪೇರಿ’ ಎಂದು ಸೇರಿಸಿದರೆ ಮೇಲೆ ಬರುತ್ತದೆಯೇ?

ಉತ್ತರ – ಔಷಧ ಅಂಗಡಿ, ವಿದ್ಯಾನಗರ

ದಯವಿಟ್ಟು ಅಳಿಸಬೇಡಿ. ಆ 61 ವಿಮರ್ಶೆಗಳು ನಿಮ್ಮ ತಂದೆಯವರ ದುಡಿಮೆಯ ಗಳಿಕೆ. ಹಳೆಯ ಪುಟ ತೆರೆದು ಅದರ ಒಡೆತನಕ್ಕೆ ಕೋರಿಕೆ ಸಲ್ಲಿಸಿ. ಈಗ ಅದನ್ನು ಹಿಡಿದಿರುವವರಿಗೆ ಉತ್ತರಿಸಲು 3 ದಿನ ಇರುತ್ತದೆ. ಅವರು ಸುಮ್ಮನಿದ್ದರೆ ನೀವೇ ಪಡೆದುಕೊಳ್ಳುವ ದಾರಿ ಸಾಮಾನ್ಯವಾಗಿ ತೆರೆಯುತ್ತದೆ.

ದೃಢೀಕರಣಕ್ಕೆ ವಿಡಿಯೊ ಕೇಳಬಹುದು. ರಸ್ತೆಯಿಂದ ಶುರು ಮಾಡಿ ಬೋರ್ಡು, ನೀವು ಬೀಗ ತೆಗೆದು ಷಟರ್ ಎತ್ತುವುದು, ಒಳಗಿನ ತಾಮ್ರದ ತಂತಿಯ ಸುರುಳಿಗಳು ಎಲ್ಲವನ್ನೂ ನಡುವೆ ನಿಲ್ಲಿಸದೆ ತೆಗೆಯಿರಿ. ನಾನು ಮೊದಲ ಸಲ ಬೋರ್ಡನ್ನೇ ಬಿಟ್ಟಿದ್ದೆ, ತಿರಸ್ಕೃತವಾಯಿತು. ಒಡೆತನ ಬಂದ ಮೇಲೆ ವಿಳಾಸ ಬದಲಿಸಿ, ಗುರುತನ್ನು ಎಳೆದು ನಿಮ್ಮ ಬಾಗಿಲಿಗೇ ತಂದು ನಿಲ್ಲಿಸಿ. ನಂತರ ಹೊಸ ಪುಟವನ್ನು ನಕಲು ಎಂದು ತಿಳಿಸಿ ತೆಗೆಸಿ.

ಹೆಸರಿಗೆ ಬಾಲ ಕಟ್ಟಲೇಬೇಡಿ. ಬೋರ್ಡಿನಲ್ಲಿ ಇರುವುದಷ್ಟೇ ಹೆಸರು. ಮೀರಿದರೆ ಪುಟವೇ ಅಮಾನತಾಗಬಹುದು. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರವಿದೆ, ಎಷ್ಟು ಹೆಸರುವಾಸಿ ಎಂಬ ಮೂರನ್ನೇ ಗೂಗಲ್ ಮುಖ್ಯವಾಗಿ ನೋಡುತ್ತದೆ. ಮೋಟಾರ್ ರಿಪೇರಿ ಎಂಬುದನ್ನು ವರ್ಗ ಮತ್ತು ಸೇವೆಗಳ ಜಾಗದಲ್ಲಿ ಬರೆಯಿರಿ.

ಉತ್ತರ – ಹಾರ್ಡ್‌ವೇರ್ ಅಂಗಡಿ, ಚಿತ್ರದುರ್ಗ

ರಜೆಯ ದಿನಗಳನ್ನೂ ಹಾಕಿ. ಯುಗಾದಿಗೆ ನಾವು ಬಾಗಿಲು ಹಾಕಿದ್ದೆವು, ಪುಟ ‘ತೆರೆದಿದೆ’ ಎನ್ನುತ್ತಿತ್ತು. ಹಿರಿಯೂರಿನಿಂದ ಬಂದವರು ವಾಪಸು ಹೋದರು. ಫೇಸ್‌ಬುಕ್, ಜಸ್ಟ್‌ಡಯಲ್‌ನಲ್ಲಿ ಹಳೆಯ ವಿಳಾಸ ಉಳಿದಿದೆಯೇ ನೋಡಿ. ಅದೆಲ್ಲ ಸರಿಹೋಗುವವರೆಗೆ ಹಳೆಯ ಜಾಗದಲ್ಲಿ ಒಂದು ಚೀಟಿ ಅಂಟಿಸಿ.

ಪ್ರಶ್ನೆ ಕೇಳಿದವರು

ಕೋರಿಕೆ ಕಳುಹಿಸಿದೆ. ಸಂಜೆ ಮಂಡಿಪೇಟೆಗೂ ಹೋಗಿದ್ದೆ. ಬಟ್ಟೆ ಅಂಗಡಿಯವರು ಕಂಬದ ಮೇಲೆ ಜಾಗ ಕೊಟ್ಟರು. ಹೊಸ ವಿಳಾಸ, ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ ಬಂದಿದ್ದೇನೆ.