ಅಪ್‌ಡೇಟ್: ಟಿಪ್‌ಟ್ಯಾಪ್ ಎಡಿಟರ್‌ನಲ್ಲಿ ಹೆಡಿಂಗ್ ಕಾಣ್ತಿದೆ

ಹೋದ ವಾರ ಕೇಳಿದ್ದೆ: ಟಿಪ್‌ಟ್ಯಾಪ್‌ಗೆ (ವೆಬ್ ಪುಟದಲ್ಲಿ ಬರೆಯೋ ಎಡಿಟರ್ ಕಟ್ಟೋಕೆ ಬಳಸೋ ಲೈಬ್ರರಿ) ಹೆಡಿಂಗ್ ಬಟನ್ ಸೇರಿಸಿದ್ರೂ ಅಕ್ಷರ ದೊಡ್ಡದಾಗ್ತಿಲ್ಲ, ಬೋಲ್ಡ್ ಮಾತ್ರ ಸರಿಯಾಗಿದೆ ಅಂತ. ಈಗ ಸರಿಹೋಗಿದೆ.

ಹೆಡಿಂಗ್ ಎಕ್ಸ್‌ಟೆನ್ಷನ್ ಬೇರೆಯಾಗಿ ಹಾಕಿ ಅನ್ನೋ ಸಲಹೆಯಿಂದ ಏನೂ ಆಗಲಿಲ್ಲ. ಅದು ಟಿಪ್‌ಟ್ಯಾಪ್‌ನ ಮೂಲ ಎಕ್ಸ್‌ಟೆನ್ಷನ್‌ಗಳ ಕಟ್ಟಾದ ಸ್ಟಾರ್ಟರ್‌ಕಿಟ್ ಒಳಗೇ ಇದೆ. "ಮೊದಲು ಇನ್‌ಸ್ಪೆಕ್ಟ್ ಮಾಡಿ ನೋಡಿ" (ಬ್ರೌಸರ್‌ನಲ್ಲಿ ಪುಟದ ಎಚ್‌ಟಿಎಂಎಲ್ ತೆರೆದು ನೋಡಿ) ಅಂದವರಿಗೆ ದೊಡ್ಡ ಥ್ಯಾಂಕ್ಸ್. ಬಟನ್ ಒತ್ತಿದ ಕೂಡಲೇ ಪ್ಯಾರಾದ ಪಿ ಟ್ಯಾಗ್ ಹೋಗಿ ಹೆಡಿಂಗ್‌ನ ಎಚ್2 ಟ್ಯಾಗ್ ಬರ್ತಾನೇ ಇತ್ತು! ಅಂದ್ರೆ ತೊಂದರೆ ಇದ್ದದ್ದು ಬಟನ್‌ನಲ್ಲಲ್ಲ, ಸ್ಟೈಲ್‌ನಲ್ಲಿ. ನಾನು ಬಳಸೋ ಸಿಎಸ್‌ಎಸ್ ಫ್ರೇಮ್‌ವರ್ಕ್ ಟೈಲ್‌ವಿಂಡ್‌ನ ಪ್ರಿಫ್ಲೈಟ್ (ಬ್ರೌಸರ್‌ನ ಮೂಲ ಸ್ಟೈಲ್ ಅಳಿಸೋ ಭಾಗ) ಎಚ್1ರಿಂದ ಎಚ್6ರವರೆಗೆ ಫಾಂಟ್ ಗಾತ್ರ, ದಪ್ಪ ಎರಡನ್ನೂ ಇನ್‌ಹೆರಿಟ್‌ಗೆ (ಸುತ್ತಲಿನ ಅಕ್ಷರದಷ್ಟಕ್ಕೇ) ತರುತ್ತೆ, ಹಾಗಾಗಿ ಹೆಡಿಂಗ್ ಕೂಡ ಪ್ಯಾರಾ ಥರಾನೇ ಕಾಣುತ್ತೆ. ಸಿಎಸ್‌ಎಸ್‌ನಲ್ಲಿ ಪ್ರೋಸ್‌ಮಿರರ್ ಕ್ಲಾಸ್‌ನೊಳಗಿನ (ಟಿಪ್‌ಟ್ಯಾಪ್‌ನಲ್ಲಿ ಬರೆಯೋ ಜಾಗದ ಕ್ಲಾಸ್ ಇದು) ಎಚ್2ಗೆ 1.5 ರೆಮ್ (ಪುಟದ ಮೂಲ ಅಕ್ಷರದ 1.5 ಪಟ್ಟು) ಗಾತ್ರ, ದಪ್ಪ 700, ಎಚ್3ಗೆ 1.25 ರೆಮ್, ದಪ್ಪ 600 ಕೊಟ್ಟೆ. ಅಷ್ಟೇ.

ಬಟನ್ ಫಾರ್ಮ್ ಒಳಗಿದ್ದರೆ ಅದರ ಟೈಪ್ 'ಬಟನ್' ಅಂತಲೇ ಬರೀರಿ, ಇಲ್ಲಾಂದ್ರೆ ಒತ್ತಿದಾಗ ಫಾರ್ಮೇ ಸಬ್ಮಿಟ್ ಆಗುತ್ತೆ.

ನನಗೆ ನಿಜಕ್ಕೂ ಅಚ್ಚರಿಯಾಗಿದ್ದು ಹೆಡಿಂಗ್ ಎಕ್ಸ್‌ಟೆನ್ಷನ್‌ನ ಲೆವೆಲ್ಸ್ ಸೆಟ್ಟಿಂಗ್, ಅಂದ್ರೆ ಎಚ್1ರಿಂದ ಎಚ್6ರಲ್ಲಿ ಯಾವ್ಯಾವುದು ಬೇಕು ಅನ್ನೋ ಪಟ್ಟಿ. ಅಲ್ಲಿ 2, 3 ಮಾತ್ರ ಕೊಟ್ಟರೆ, ಹಳೇ ಲೇಖನದಲ್ಲಿರೋ ಎಚ್1 ಯಾವ ಎರರ್ ಕೂಡ ಇಲ್ಲದೆ ಪ್ಯಾರಾ ಆಗಿಬಿಡುತ್ತೆ. ತೆರೆದು ಸೇವ್ ಮಾಡಿದ್ರೆ ಡೇಟಾಬೇಸ್‌ನಲ್ಲೂ ಅದು ಶೀರ್ಷಿಕೆಯಾಗಿ ಉಳಿಯಲ್ಲ. ಹಳೇ ಕಂಟೆಂಟ್ ಇದ್ದವರು ಮೊದಲು ಎಚ್1 ಎಲ್ಲವನ್ನೂ ಎಚ್2 ಮಾಡಿಕೊಂಡು, ಆಮೇಲೆ ಲೆವೆಲ್ ಕಡಿಮೆ ಮಾಡಿ.