ಸೀನ ಕಂಡ 504 ಗಡಿಯಾರ

ಸಿಂಗಪುರದಿಂದ ಬಂದಾಗಿನಿಂದ ಸೀನನದು ಒಂದೇ ಗಡಿಯಾರದ ಕಥೆ. ತಪ್ಪಾಯ್ತು, ಒಂದಲ್ಲ, 504.

"ಚಾಂಗಿ ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಕಣೋ. ಎದುರಿಗೆ ಬರೀ ಗಡಿಯಾರ. ಅಂಕಿ ಒಂದೂ ಇಲ್ಲ. ಒಂದೊಂದಕ್ಕೆ ಎರಡು ಮುಳ್ಳು, ಅಷ್ಟೇ."

"ಅಂದರೆ 1,008 ಮುಳ್ಳು," ಎಂದಳು ಪದ್ದು. ಯಾರೂ ಕೇಳದಿದ್ದರೂ ಲೆಕ್ಕ ಹೇಳುವುದು ಅವಳ ಅಭ್ಯಾಸ.

"ಆಗ ಟೈಮ್ ಎಷ್ಟಾಗಿತ್ತು?" ಅಂದೆ.

"ಅದೇ ಗೊತ್ತಾಗಲ್ಲ! ಮುಳ್ಳುಗಳು ಸುಮ್ನೆ ಕುಣಿಯುತ್ತಿರುತ್ತವೆ. ಗಾಳಿಗೆ ಪೈರು ತೂಗಿದ ಹಾಗೆ ಈ ತುದಿಯಿಂದ ಆ ತುದಿಗೆ ಅಲೆ ಹೋಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಸೇರಿ ದೊಡ್ಡ ಅಂಕಿಗಳಾಗಿ ನಿಂತು ಟೈಮ್ ತೋರಿಸುತ್ತವೆ. ಓದುವಷ್ಟರಲ್ಲಿ ಮತ್ತೆ ಕುಣಿತ."

"504 ಜನ ಕೂತು ಒಂದು ಉತ್ತರ ಕೊಡುವುದು. ಥೇಟ್ ಕಮಿಟಿ ಮೀಟಿಂಗು."

ಸೀನ ಮುನಿಸಿಕೊಂಡ. ಸ್ಟಾಕ್‌ಹೋಮ್‌ನ ಕಲಾವಿದರು ಮಾಡಿದ್ದಂತೆ, ಪ್ರತಿ ಮುಳ್ಳೂ ತನ್ನ ಪಾಡಿಗೆ ತಾನು ತಿರುಗುತ್ತದಂತೆ. ಕಮಿಟಿ ಅನ್ನಬಾರದಂತೆ.

"ಅದಕ್ಕಿಂತ ಆಮ್‌ಸ್ಟರ್‌ಡ್ಯಾಂ ಮೇಲು," ಎಂದಳು ಪದ್ದು. "ಸ್ಕಿಪೋಲ್ ಏರ್‌ಪೋರ್ಟಿನಲ್ಲಿ 2016ರಲ್ಲಿ ಒಂದು ದೊಡ್ಡ ಗಡಿಯಾರ ತೂಗುಹಾಕಿದರು. ಅದರೊಳಗೆ ನೀಲಿ ಬಟ್ಟೆಯ ಒಬ್ಬ ಮನುಷ್ಯ. ನಿಮಿಷದ ಮುಳ್ಳನ್ನು ಒರೆಸುತ್ತಾನೆ, ಒಂದು ಚೂರು ಮುಂದೆ ಮತ್ತೆ ಬಳಿಯುತ್ತಾನೆ. ನಿಮಿಷ ನಿಮಿಷವೂ ಇದೇ ಕೆಲಸ."

"ಮತ್ತೆ ಅವನಿಗೆ ಊಟ?" ಸೀನನ ಕರುಳು ಚುರುಕ್ ಎಂದಿತು.

"ಒಳಗೆ ಯಾರೂ ಇಲ್ಲ ಮಾರಾಯ. ಮಾರ್ಟನ್ ಬಾಸ್ ಅನ್ನುವ ಡಚ್ ಡಿಸೈನರ್ ಮಾಡಿದ 12 ಗಂಟೆಯ ವಿಡಿಯೋ ಅದು. ಮುಗಿದರೆ ಮತ್ತೆ ಮೊದಲಿಂದ."

"ಆದರೂ ಬಳಿದದ್ದು ನಿಜ ತಾನೆ? 720 ನಿಮಿಷ!"

ತಾನು ಹೇಳಬೇಕಿದ್ದ ಲೆಕ್ಕವನ್ನು ಇವನು ಹೇಳಿಬಿಟ್ಟನಲ್ಲ ಅಂತ ಪದ್ದು ಸಪ್ಪಗಾದಳು.

ನನ್ನ ಓಟು ಆ ನೀಲಿ ಬಟ್ಟೆಯವನಿಗೇ. ವಿಮಾನ ಎರಡು ಗಂಟೆ ತಡ ಅಂದಾಗ ಗಡಿಯಾರ ಕುಣಿದರೆ ಮೈ ಉರಿಯುತ್ತದೆ. ಇವನಾದರೆ ನಮಗಾಗಿ ಒಂದೊಂದೇ ನಿಮಿಷವನ್ನು ಒರೆಸಿ ಹಾಕುತ್ತಿದ್ದಾನೆ, ಪಾಪ.

ನನ್ನದೂ ಒಂದಿರಲಿ ಅಂತ ಸ್ವಿಸ್ ರೈಲು ನಿಲ್ದಾಣದ ಗಡಿಯಾರದ ವಿಷಯ ತೆಗೆದೆ. ಅದರ ಕೆಂಪು ಸೆಕೆಂಡ್ ಮುಳ್ಳು ಸುಮಾರು 58.5 ಸೆಕೆಂಡಿಗೇ ಸುತ್ತು ಮುಗಿಸಿ, 12ರ ಹತ್ತಿರ ನಿಂತುಬಿಡುತ್ತದೆ. ಮುಖ್ಯ ಗಡಿಯಾರದಿಂದ ಸಿಗ್ನಲ್ ಬಂದ ಮೇಲೇ ಮುಂದಿನ ನಿಮಿಷ ಶುರು.

"ಕೆಲಸ ಬೇಗ ಮುಗಿಸಿ ಸಾಹೇಬರಿಗೆ ಕಾಣುವ ಹಾಗೆ ನಿಲ್ಲುವ ಜಾತಿ," ಎಂದಳು ಪದ್ದು. ಅವಳ ಆಫೀಸಿನಲ್ಲಿ ಅಂಥವರು ಜಾಸ್ತಿ ಇರಬೇಕು.

"ಅದಿರಲಿ ಸೀನ, ಆ 504ರ ಮುಂದೆ ನೀನು ಎಷ್ಟು ಹೊತ್ತು ನಿಂತಿದ್ದೆ?"

"ಹೇಗೆ ಹೇಳಲಿ? ಅವತ್ತು ವಾಚು ಕಟ್ಟಿರಲಿಲ್ಲ."